ಗಲೀಚದಲ್ಲಿ ಇಳಿದ ಬೆಕ್ಕಿನ ಉಚ್ಚೆ ವಾಸನೆ ತೆಗೆಯುವುದು ಹೇಗೆ: ಫರಸಿ ಕಲ್ಲಿನ ಮನೆಯವರಿಗೆ ಸಮಗ್ರ ಮಾರ್ಗದರ್ಶಿ

ಕಲಬುರಗಿಯಲ್ಲಿ ಬೆಕ್ಕು ಸಾಕಿದ ಪರಿಚಯದವರು ನನಗೆ ಹೇಳುವ ಮಾತು ಹೆಚ್ಚುಕಡಿಮೆ ಒಂದೇ. "ತೊಳದೀವಿ, ಹೋಯ್ತು. ಕೂಲರ್ ಹಚ್ಚಿದ ಕೂಡ್ಲೆ ಮತ್ ಬಂತ್ ನೋಡ್ರಿ ವಾಸನಿ." ಬೆಕ್ಕು ಮತ್ತೆ ಅಲ್ಲೇ ಉಚ್ಚೆ ಹೊಯ್ದಿದೆ ಎಂದು ಅದಕ್ಕೆ ಬೈಯುತ್ತಾರೆ. ಪಾಪ, ಅದು ಏನೂ ಮಾಡಿರುವುದಿಲ್ಲ. ಹಳೆಯ ಉಚ್ಚೆಯೇ ಗಲೀಚದ, ಅಂದರೆ ಕಾರ್ಪೆಟ್ಟಿನ, ಬುಡದಲ್ಲಿ ಕೂತಿರುತ್ತದೆ.

ಬೆಕ್ಕಿನ ಉಚ್ಚೆಯಲ್ಲಿ ಎರಡು ಬಗೆಯ ವಾಸನೆ ಇದೆ. ಮೊದಲನೆಯದು ಮೂಗಿಗೆ ಚುಚ್ಚುವ ಘಾಟು. ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಹುಟ್ಟುವ ಅಮೋನಿಯಾ ಇದು. ಎರಡನೆಯದು ಇದಕ್ಕಿಂತ ಹಟಮಾರಿ. ಬೆಕ್ಕಿನ ಉಚ್ಚೆಯಲ್ಲಿ ಫೆಲಿನೈನ್ ಎಂಬ, ಗಂಧಕ ಇರುವ ಅಮೈನೋ ಆಮ್ಲ ಇರುತ್ತದೆ. ಅದು ನಿಧಾನವಾಗಿ ಒಡೆಯುತ್ತಾ ಹೋದಂತೆ ಗಂಧಕದ ವಾಸನೆ ಬಿಡುತ್ತಲೇ ಇರುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗದ ಗಂಡು ಬೆಕ್ಕಿನಲ್ಲಿ ಇದು ಜಾಸ್ತಿ. ಒಣಗಿದಾಗ ವಾಸನೆ ಅಡಗುತ್ತದೆ, ಗಾಳಿಯಲ್ಲಿ ತೇವ ಏರಿದರೆ ಏಳುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಕೂಲರ್ ಮನೆಯೊಳಗೆ ತುಂಬುವುದು ತೇವದ ಗಾಳಿಯನ್ನೇ ಅಲ್ವಾ.

ನಾನು ನೋಡಿದ ಮಟ್ಟಿಗೆ ಸೋಲುವುದು ಮೂರು ಕಡೆ. ಗಲೀಚದ ಮೇಲ್ಮೈ ಮಾತ್ರ ತೊಳೆಯುತ್ತಾರೆ. ಹಾಕಿದ ಔಷಧ ನಮ್ಮ ಬಿಸಿಲಿಗೆ ಕೆಲಸ ಮುಗಿಸುವ ಮೊದಲೇ ಒಣಗುತ್ತದೆ. ಗಲೀಚದ ಕೆಳಗೆ ನೆಲಕ್ಕೆ ಹಾಸಿದ ಫರಸಿ ಕಲ್ಲನ್ನು ಯಾರೂ ಮುಟ್ಟುವುದಿಲ್ಲ.

ತೊಳೆಯುವ ಮೊದಲು ಬೆಕ್ಕನ್ನು ನೋಡಿ

ಇದುವರೆಗೆ ಸರಿಯಾದ ಜಾಗದಲ್ಲಿ ಹೋಗುತ್ತಿದ್ದ ಬೆಕ್ಕು ಏಕಾಏಕಿ ಗಲೀಚದ ಮೇಲೆ ಹೋಗತೊಡಗಿದರೆ ಅದು ಕಾಯಿಲೆ ಇರಬಹುದು. ಸ್ವಲ್ಪ ಸ್ವಲ್ಪ ಉಚ್ಚೆ, ಪದೇ ಪದೇ ಕೂರುವುದು, ಉಚ್ಚೆಯಲ್ಲಿ ರಕ್ತ, ಆ ಜಾಗ ನೆಕ್ಕುತ್ತಲೇ ಇರುವುದು: ಇವುಗಳಲ್ಲಿ ಯಾವುದು ಕಂಡರೂ ಪಶುವೈದ್ಯರಿಗೆ ತೋರಿಸಿ.

ಗಂಡು ಬೆಕ್ಕು ತಿಣುಕುತ್ತಿದೆ, ಕೂಗುತ್ತಿದೆ, ಆದರೆ ಒಂದು ಹನಿಯೂ ಬರುತ್ತಿಲ್ಲ ಎಂದರೆ ಈ ಬರಹ ಅಲ್ಲಿಗೇ ಬಿಡಿ. ಉಚ್ಚೆಯ ನಾಳ ಕಟ್ಟಿರಬಹುದು. ಒಂದೆರಡು ದಿನದಲ್ಲಿ ಜೀವ ಹೋಗಬಹುದು. ನಾಳೆ ನೋಡೋಣ ಎನ್ನಬೇಡಿ. ಬೀದರಿನವರಿಗೆ ನಂದಿನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಕಲಬುರಗಿ, ಯಾದಗಿರಿಯವರು ಊರಿನ ಸರ್ಕಾರಿ ಪಶು ಆಸ್ಪತ್ರೆಗೆ ಅಥವಾ ಹತ್ತಿರದ ಖಾಸಗಿ ಪಶುವೈದ್ಯರ ಬಳಿಗೆ ಅದೇ ಹೊತ್ತಿನಲ್ಲಿ ಹೋಗಿ.

ಬೇಕಾಗುವ ಸಾಮಾನು

ಹಳೆಯ ಬಿಳಿ ಟವೆಲ್ ಅಥವಾ ಹಳೆ ಪಂಚೆ, ನಾಲ್ಕೈದು. ಬಣ್ಣದ ಬಟ್ಟೆ ಬೇಡ, ಅದರ ಬಣ್ಣ ಗಲೀಚಕ್ಕೆ ಹತ್ತುತ್ತದೆ. ನೋಟು ಅಸಲಿಯೋ ನಕಲಿಯೋ ನೋಡಲು ಬಳಸುವ ನೇರಳೆ ಬೆಳಕಿನ ಟಾರ್ಚ್. ಸೀಮೆಸುಣ್ಣ. ದಪ್ಪ ಪ್ಲಾಸ್ಟಿಕ್ ಹಾಳೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ 20 ಮಿಲಿಯ ಸಿರಿಂಜ್. ರಬ್ಬರ್ ಕೈಗವಸು. ಅಡುಗೆ ಸೋಡಾ. ಎಂಜೈಮ್ ಕ್ಲೀನರ್.

ಕೊನೆಯದರ ಬಗ್ಗೆ ಒಂದು ಮಾತು. ಸಾಕುಪ್ರಾಣಿಗಳ ಉಚ್ಚೆ ಕಲೆಗೆಂದೇ ಮಾಡಿದ, ಉಚ್ಚೆಯ ಅಂಶಗಳನ್ನು ಒಡೆಯುವ ಎಂಜೈಮ್ ಕ್ಲೀನರ್ ಬೇಕು. ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಲೇಬಲ್ ಮೇಲೆ ಎಂಜೈಮ್ ಅಥವಾ ಬ್ಯಾಕ್ಟೀರಿಯಾ ಕಲ್ಚರ್ ಎಂದು ಬರೆದಿರಬೇಕು. ಬರೀ ಸುಗಂಧ ಇರುವ ಸ್ಪ್ರೇ ಬೇಡ. ಮುಗಿಯುವ ದಿನಾಂಕ ನೋಡಿ. ತಂದ ಮೇಲೆ ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ.

ನಿಂಬೆ, ಕಿತ್ತಳೆ ಸಿಪ್ಪೆಗೆ ಬೆಲ್ಲ ಹಾಕಿ ಮೂರು ತಿಂಗಳು ಕೊಳೆಸಿ ಮಾಡುವ ಮನೆಯ ಬಯೋ ಎಂಜೈಮ್ ಇದಕ್ಕೆ ಬದಲಿ ಅಲ್ಲ. ನೆಲ ಒರೆಸಲು, ಪಾತ್ರೆ ತಿಕ್ಕಲು ಅದು ಚೆನ್ನಾಗಿದೆ, ನಾನೂ ಮಾಡುತ್ತೇನೆ. ಆದರೆ ಅದರ ಶಕ್ತಿ ಮುಖ್ಯವಾಗಿ ಹುಳಿಯದು. ಉಳಿದ ಸಿಹಿಗೆ ಇರುವೆ ಮುತ್ತುತ್ತವೆ. ಆ ಹುಳಿ ನಮ್ಮ ಫರಸಿಗೂ ಆಗುವುದಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಹಂತ 1: ಹಸಿ ಇದ್ದರೆ ಒತ್ತಿ ಹೀರಿ, ತಿಕ್ಕಬೇಡಿ

ಈಗಷ್ಟೇ ಹೊಯ್ದಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಟವೆಲ್ ಮಡಿಸಿ ಕಲೆಯ ಮೇಲಿಡಿ, ಅದರ ಮೇಲೆ ನಿಲ್ಲಿ. ಪೂರ್ತಿ ಭಾರ ಬೀಳಲಿ. ಒಂದು ನಿಮಿಷ ಬಿಟ್ಟು ಟವೆಲ್ ತಿರುಗಿಸಿ ಮತ್ತೆ ನಿಲ್ಲಿ. ಟವೆಲ್ ಒಣಗಿದ್ದೇ ಮೇಲೆ ಬರುವ ತನಕ ಮಾಡಿ. ಎತ್ತಲು ಬರುವ ಗಲೀಚವಾದರೆ ಕೆಳಗೂ ಒಂದು ಟವೆಲ್ ಇಡಿ.

ತಿಕ್ಕಿದರೆ ಉಚ್ಚೆ ಅಗಲಕ್ಕೆ ಹರಡುತ್ತದೆ, ಬುಡಕ್ಕೂ ಇಳಿಯುತ್ತದೆ. ಮೇಲೆ ಅಂಗೈಯಷ್ಟು ಕಾಣುವ ಕಲೆ ಕೆಳಗೆ ಊಟದ ತಟ್ಟೆಯಷ್ಟು ಇರುತ್ತದೆ. ಮುಂದಿನ ಎಲ್ಲಾ ಹಂತಗಳಲ್ಲೂ ಈ ತಟ್ಟೆಯ ಅಳತೆಯೇ ನಿಮ್ಮ ತಲೆಯಲ್ಲಿರಲಿ.

ಹಂತ 2: ಕತ್ತಲಾದ ಮೇಲೆ ಜಾಗ ಗುರುತಿಸಿ

ರಾತ್ರಿ ದೀಪ ಎಲ್ಲಾ ಆರಿಸಿ ಟಾರ್ಚನ್ನು ಗಲೀಚಕ್ಕೆ ಹತ್ತಿರ ಹಿಡಿದು ನಿಧಾನವಾಗಿ ಸರಿಸಿ. ಹಳೆಯ ಉಚ್ಚೆ ಮಂಕು ಹಳದಿಯಾಗಿ, ಸ್ವಲ್ಪ ಹಸಿರು ಬೆರೆತಂತೆ ಹೊಳೆಯುತ್ತದೆ. ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯಿರಿ.

ಇಲ್ಲಿ ಮೋಸ ಹೋಗುವುದು ಸುಲಭ. ಬಟ್ಟೆ ಪುಡಿಯ ಅಂಶ ಉಳಿದಿದ್ದರೂ ಹೊಳೆಯುತ್ತದೆ, ಆದರೆ ಅದು ನೀಲಿ ಬಿಳುಪು. ಪುಡಿ ಹಾಕಿ ಒಗೆದ ಹತ್ತಿಯ ಜಮಖಾನ ಇಡೀ ಮಿಂಚಬಹುದು. ಆಗ ಟಾರ್ಚ್ ಬಿಟ್ಟು ಮೂಗನ್ನೇ ನಂಬಿ, ಮೊಣಕಾಲೂರಿ ಒಂದೊಂದು ಗೇಣಿಗೂ ಮೂಸಿ. ಗೋಡೆಯ ಬುಡ, ಸೋಫಾದ ಕಾಲು, ಬಾಗಿಲ ಚೌಕಟ್ಟನ್ನೂ ನೋಡಿ. ಗಂಡು ಬೆಕ್ಕು ನಿಂತು ಹಿಂದಕ್ಕೆ ಚಿಮ್ಮಿಸಿದ್ದರೆ ಕಲೆ ಗೋಡೆಯ ಮೇಲಿರುತ್ತದೆ, ಗಲೀಚಕ್ಕೆ ಇಳಿದದ್ದು ಅದರ ಉಳಿಕೆ ಮಾತ್ರ.

ಹಂತ 3: ಹಾಸು ಯಾವುದರದ್ದು ಎಂದು ತಿಳಿಯಿರಿ

ಹತ್ತಿಯ ಜಮಖಾನ, ನಮಾಜಿಗೆ ಹಾಸುವ ಜಾನಮಾಜ್, ಪೂಜೆಗೆ ಹಾಸುವ ಸಣ್ಣ ಹಾಸುಗಳನ್ನು ಪೂರ್ತಿ ನೆನೆಸಬಹುದು. ಇವು ಸುಲಭ. ಎಂಜೈಮ್ ಬೆರೆಸಿದ ನೀರಿನ ಬಕೆಟ್‌ನಲ್ಲಿ ರಾತ್ರಿಯಿಡೀ ಮುಳುಗಿಸಿ, ಬೆಳಿಗ್ಗೆ ಒಗೆದು ಒಣಗಿಸಿದರೆ ಮುಗಿಯಿತು. ಬಣ್ಣ ಬಿಡುತ್ತದೆಯೇ ಎಂದು ಮಾತ್ರ ಮೊದಲು ಒಂದು ಮೂಲೆ ನೆನೆಸಿ ನೋಡಿ.

ನೈಲಾನ್, ಪಾಲಿಪ್ರೊಪಿಲೀನ್ ಗಲೀಚಗಳಿಗೆ ಈ ಬರಹದ ಎಲ್ಲಾ ಹಂತಗಳೂ ಆಗುತ್ತವೆ.

ಉಣ್ಣೆಯ ಗಲೀಚದಲ್ಲಿ ಎಚ್ಚರ. ಉಣ್ಣೆ ಕೂಡ ಪ್ರೋಟೀನ್. ಪ್ರೋಟೀನ್ ಒಡೆಯುವ ಎಂಜೈಮ್ ನೂಲನ್ನೂ ತಿನ್ನಬಹುದು. ಉಣ್ಣೆಗೆ ಆಗುತ್ತದೆ ಎಂದು ಲೇಬಲ್ ಮೇಲೆ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಬಳಸಿ. ಅಡುಗೆ ಸೋಡಾ ಮತ್ತು ಪೆರಾಕ್ಸೈಡ್ ಇದಕ್ಕೆ ಬೇಡ. ಅಜ್ಜಿ ಕಾಲದ ಬೆಲೆಬಾಳುವ ಗಲೀಚವಾದರೆ ತಣ್ಣೀರು ಹಾಕಿ ಹೀರುವುದರ ಆಚೆ ಮನೆಯಲ್ಲಿ ಏನೂ ಮಾಡದೆ, ಉಣ್ಣೆ ತೊಳೆದು ಗೊತ್ತಿರುವವರಿಗೆ ಕೊಡಿ.

ಹಂತ 4: ತಣ್ಣೀರು ಹಾಕಿ, ಹೀರಿ ತೆಗೆಯಿರಿ

ಹಳೆಯ ಕಲೆಗೆ ಮೊದಲು ತಣ್ಣೀರು ಸುರಿದು ಹಂತ 1ರಂತೆ ಒತ್ತಿ ಹೀರಿ. ಎರಡು ಮೂರು ಸಲ ಮಾಡಿ. ಮೊದಲೇ ಫಿನಾಯಿಲ್, ಸೋಪು, ವಿನೆಗರ್ ಏನಾದರೂ ಹಾಕಿದ್ದರೆ ಈ ಹಂತ ಬಿಡಲೇಬೇಡಿ. ಅವು ಎಂಜೈಮನ್ನು, ಅದರಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾವನ್ನು ಕೆಡಿಸುತ್ತವೆ. "ದುಬಾರಿ ಕ್ಲೀನರ್ ತಂದರೂ ಕೆಲಸ ಮಾಡಲಿಲ್ಲ" ಎನ್ನುವ ಮನೆಗಳಲ್ಲಿ ಎಷ್ಟೋ ಸಲ ಹಿಂದಿನ ದಿನದ ಫಿನಾಯಿಲ್ ಗಲೀಚದಲ್ಲೇ ಇರುತ್ತದೆ.

ನಮ್ಮ ಬೋರ್‌ವೆಲ್ ನೀರು ಗಡಸು. ಒಣಗಿದ ಮೇಲೆ ಬಿಳಿ ಉಪ್ಪು ಬಿಡುತ್ತದೆ. ಕೊನೆಯ ಸಲ ತೊಳೆಯಲು ಫಿಲ್ಟರ್ ನೀರು ಬಳಸಿದರೆ ಒಳ್ಳೆಯದು.

ಬಿಸಿನೀರು, ಹಬೆ ಯಂತ್ರ ಬೇಡ. ಇದನ್ನು ನಾನು ನಷ್ಟ ಮಾಡಿಕೊಂಡೇ ಕಲಿತೆ. ಗಲೀಚ ತೊಳೆಯುವವರೊಬ್ಬರನ್ನು ಮನೆಗೆ ಕರೆಸಿದ್ದೆ. ಹಬೆ ಹಿಡಿದರು, ಎರಡು ದಿನ ಮನೆಯೆಲ್ಲಾ ಘಮಘಮ. ಆಮೇಲೆ ಬಂದ ವಾಸನೆ ಮೊದಲಿಗಿಂತ ಕೆಟ್ಟದಾಗಿತ್ತು. ಬಿಸಿ ತಗುಲಿದರೆ ಉಚ್ಚೆಯ ಪ್ರೋಟೀನ್ ನೂಲಿಗೆ ಕಚ್ಚಿಕೊಳ್ಳುತ್ತದೆ.

ಹಂತ 5: ಎಂಜೈಮ್ ಹಾಕುವುದು, ಒದ್ದೆಯಾಗಿಯೇ ಇಡುವುದು

ಇಡೀ ಕೆಲಸದ ಜೀವ ಇಲ್ಲಿದೆ. ನಿಧಾನವಾಗಿ ಓದಿ.

ಎಂಜೈಮ್ ಉಚ್ಚೆ ಇಳಿದಷ್ಟೇ ಆಳಕ್ಕೆ ಇಳಿಯಬೇಕು. ಮೇಲೆ ನಾಲ್ಕು ಸಲ ಸ್ಪ್ರೇ ಹೊಡೆದರೆ ನೂಲಿನ ತುದಿ ಮಾತ್ರ ಒದ್ದೆಯಾಗುತ್ತದೆ. ಬಾಟಲಿಯ ಮುಚ್ಚಳ ತೆಗೆದು ಸುರಿಯಿರಿ. ಸೀಮೆಸುಣ್ಣದ ಗೆರೆಯಿಂದ ನಾಲ್ಕು ಬೆರಳು ಆಚೆಯ ತನಕ ನೆನೆಯಲಿ. ಅಂದಾಜಿಗೆ, ಬೆಕ್ಕು ಹೊಯ್ದದ್ದಕ್ಕಿಂತ ಒಂದೂವರೆ ಪಟ್ಟು, ಎರಡು ಪಟ್ಟು ಬೇಕು. ನೂಲು ದಪ್ಪ ಇದ್ದರೆ ಸಿರಿಂಜ್‌ನಲ್ಲಿ ತುಂಬಿ, ಅದರ ತುದಿಯನ್ನು ನೂಲಿನ ಬುಡಕ್ಕೆ ತಾಗಿಸಿ ಒಂದೊಂದು ಅಂಗುಲಕ್ಕೂ ಬಿಡಿ. ಬೇಸರದ ಕೆಲಸ. ಆದರೆ ನಮ್ಮ ಮನೆಯಲ್ಲಿ ವಾಸನೆ ಹೋದದ್ದು ಸಿರಿಂಜ್ ಹಿಡಿದ ಮೇಲೆಯೇ.

ಈಗ ಮುಚ್ಚಿ. ಎಂಜೈಮ್ ಒದ್ದೆ ಇರುವ ತನಕ ಮಾತ್ರ ಕೆಲಸ ಮಾಡುತ್ತದೆ. ಬಾಟಲಿಯ ಮೇಲೆ 10 ಅಥವಾ 15 ನಿಮಿಷ ಎಂದು ಬರೆದಿರುತ್ತದೆ. ಅದು ಹಸಿ ಕಲೆಗೆ ಸರಿ. ತಿಂಗಳ ಹಳೆಯ ಕಲೆಗೆ 12ರಿಂದ 24 ಗಂಟೆ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ದಿನ, ಫ್ಯಾನ್ ತಿರುಗುತ್ತಿರುವ ಕೋಣೆಯಲ್ಲಿ ಸುರಿದದ್ದು ಎಷ್ಟು ಹೊತ್ತು ಒದ್ದೆ ಇದ್ದೀತು? ಅದಕ್ಕೇ ನಮ್ಮೂರಲ್ಲಿ ಪ್ಲಾಸ್ಟಿಕ್ ಹಾಳೆ ಇಲ್ಲದೆ ಈ ಕೆಲಸ ಆಗುವುದಿಲ್ಲ. ಹಾಳೆ ಹೊದಿಸಿ ನಾಲ್ಕೂ ಅಂಚಿಗೆ ಇಟ್ಟಿಗೆಯನ್ನೋ ನೀರಿನ ಬಾಟಲಿಯನ್ನೋ ಇಡಿ. ಆ ಕೋಣೆಯ ಫ್ಯಾನ್, ಕೂಲರ್ ಆರಿಸಿ. ಸಂಜೆ ಶುರು ಮಾಡಿ, ಮರುದಿನ ಸಂಜೆಗೆ ತೆಗೆಯಿರಿ. ನಡುವೆ ಒಮ್ಮೆ ಹಾಳೆ ಎತ್ತಿ ಬೆರಳಿಟ್ಟು ನೋಡಿ. ಒಣಗಿದ್ದರೆ ಇನ್ನಷ್ಟು ಸುರಿಯಿರಿ.

ಎತ್ತಬಹುದಾದ ಗಲೀಚವಾದರೆ ಕೆಳಗೂ ಒಂದು ಪ್ಲಾಸ್ಟಿಕ್ ಹಾಳೆ ಹಾಸಿಯೇ ಶುರು ಮಾಡಿ. ಇಲ್ಲದಿದ್ದರೆ ಕರಗಿದ ಉಚ್ಚೆ ಕಲ್ಲಿಗೆ ಇಳಿಯುತ್ತದೆ.

ಮೊದಲ ದಿನ ವಾಸನೆ ಜೋರಾಗುತ್ತದೆ. ಹೆದರಬೇಡಿ. ಒಣಗಿ ಕೂತಿದ್ದದ್ದು ನೆನೆದು ಏಳುತ್ತಿದೆ, ಅಷ್ಟೇ. ಇಲ್ಲೇ ಬಹಳ ಮಂದಿ ಗಾಬರಿಯಾಗಿ ಫಿನಾಯಿಲ್ ಸುರಿದು ಎಲ್ಲಾ ಕೆಡಿಸಿಕೊಳ್ಳುತ್ತಾರೆ. ಹಾಳೆ ತೆಗೆದ ಮೇಲೆ ಟವೆಲ್ ಒತ್ತಿ ಹೀರಿ. ಪೂರ್ತಿ ಒಣಗಿದ ನಂತರವೂ ವಾಸನೆ ಇದ್ದರೆ ಇಡೀ ಹಂತವನ್ನು ಮತ್ತೊಮ್ಮೆ ಮಾಡಿ. ಹಳೆಯ ಕಲೆಗೆ ಎರಡು ಮೂರು ಸುತ್ತು ಸಾಮಾನ್ಯ.

ಗೋಡೆಯಿಂದ ಗೋಡೆಗೆ ಅಂಟಿಸಿದ ಗಲೀಚ, ಕೆಳಗೆ ಫೋಮ್ ಇದ್ದು, ಬೆಕ್ಕು ಅದೇ ಜಾಗದಲ್ಲಿ ತಿಂಗಳುಗಟ್ಟಲೆ ಹೋಗಿದ್ದರೆ ಫೋಮ್ ಉಳಿಸಲು ಒದ್ದಾಡಬೇಡಿ. ಆ ತುಂಡು ಕತ್ತರಿಸಿ ಹೊಸದು ಹಾಕಿಸಿ.

ಹಂತ 6: ಕೆಳಗಿನ ಫರಸಿ

ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ನೆಲಕ್ಕೆ ಶಹಾಬಾದ್ ಫರಸಿ. ಇದು ಸುಣ್ಣದ ಕಲ್ಲು. ಪಾಲಿಶ್ ಮಾಡದ ಕಲ್ಲು ನೀರು ಹೀರುತ್ತದೆ, ಕಲ್ಲು ಕಲ್ಲಿನ ನಡುವಿನ ಸಿಮೆಂಟ್ ಸಂದು ಇನ್ನೂ ಜಾಸ್ತಿ ಹೀರುತ್ತದೆ. ಗಲೀಚ ಒಗೆದು ತಂದು ಹಳೆಯ ಜಾಗದಲ್ಲೇ ಹಾಸಿದರೆ ಕೆಳಗಿನ ವಾಸನೆ ವಾರದಲ್ಲಿ ಮೇಲೆ ಬರುತ್ತದೆ. ಆಗ ಗಲೀಚವೇ ಸರಿಯಾಗಿ ತೊಳೆದಿಲ್ಲ ಅನ್ನಿಸುತ್ತದೆ.

ಗಲೀಚ ಎತ್ತಿದ ತಕ್ಷಣ ಟಾರ್ಚ್ ಹಿಡಿದು ಕಲ್ಲು ನೋಡಿ, ಸಂದುಗಳನ್ನು ಮೂಸಿ. ಅಲ್ಲಿಗೂ ಎಂಜೈಮ್ ಸುರಿದು, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಸಂದಿಗೆ ಇಳಿಸಿ, ಪ್ಲಾಸ್ಟಿಕ್ ಮುಚ್ಚಿ 24 ಗಂಟೆ ಬಿಡಿ. ನಂತರ ಬರೀ ನೀರಲ್ಲಿ ಒರೆಸಿ. ಎರಡು ದಿನ ತೆರೆದಿಡಿ. ಕಲ್ಲು ಒಳಗಿನ ತನಕ ಒಣಗದೆ ಗಲೀಚ ಹಾಸಬೇಡಿ.

ಈ ಕಲ್ಲಿನ ಮೇಲೆ ವಿನೆಗರ್, ನಿಂಬೆರಸ, ಟಾಯ್ಲೆಟ್ ಆಸಿಡ್ ಹಾಕಬೇಡಿ. ಸುಣ್ಣದ ಕಲ್ಲನ್ನು ಹುಳಿ ಕರಗಿಸುತ್ತದೆ. ಹೊಳಪು ಹೋಗಿ ಬಿಳಿ ಮಚ್ಚೆ ಬೀಳುತ್ತದೆ, ಒರಟಾದ ಮೇಲ್ಮೈ ಮುಂದಿನ ಸಲ ಇನ್ನಷ್ಟು ಉಚ್ಚೆ ಕುಡಿಯುತ್ತದೆ. ಬೀದರಿನಲ್ಲಿರುವ ನಮ್ಮ ಕಾಕು ಯಾರೋ ಹೇಳಿದರೆಂದು ಗಲೀಚದ ಮೇಲೆಯೇ ವಿನೆಗರ್ ಸುರಿದರು. ಗಲೀಚಕ್ಕೆ ಏನೂ ಆಗಲಿಲ್ಲ. ಅದರ ಕೆಳಗೆ ಪಾಲಿಶ್ ಮಾಡಿಸಿದ್ದ ಫರಸಿಯ ಮೇಲೆ ತಟ್ಟೆಯಷ್ಟು ಅಗಲದ ಮಂಕು ಮಚ್ಚೆ ಇವತ್ತಿಗೂ ಇದೆ.

ಎಂಜೈಮ್ ಸಿಗುವ ತನಕ ವಿನೆಗರ್ ಬಳಸಲೇಬೇಕಾದರೆ ಗಲೀಚವನ್ನು ಮಾಳಿಗೆಗೆ ಒಯ್ಯಿರಿ. ಅಲ್ಲೂ ಕಲ್ಲಿಗೆ, ಸಿಮೆಂಟಿಗೆ ತಾಗದಂತೆ ಕೆಳಗೆ ಪ್ಲಾಸ್ಟಿಕ್ ಹಾಸಿ. ಸಮ ನೀರು ಬೆರೆಸಿ ಹಾಕಿ. ಅಮೋನಿಯಾ ಘಾಟು ತಗ್ಗುತ್ತದೆ, ಗಂಧಕದ ವಾಸನೆ ಉಳಿಯುತ್ತದೆ. ಎಂಜೈಮ್ ಹಾಕುವ ಮೊದಲು ಪೂರ್ತಿ ತೊಳೆದು ತೆಗೆಯಿರಿ.

ಹಂತ 7: ಒಣಗಿಸುವುದು

ಎಂಜೈಮ್ ಕೆಲಸ ಮುಗಿದ ಮೇಲೆ ಬೇಗ ಒಣಗಿಸಬೇಕು. ಹತ್ತಿಯದು ಬಿಸಿಲಿಗೆ, ಉಣ್ಣೆಯದು ನೆರಳಿಗೆ. ಹಿಂಬದಿಗೆ ರಬ್ಬರ್ ಲೇಪ ಇರುವುದನ್ನು ಮಧ್ಯಾಹ್ನದ ಕಾದ ಮಾಳಿಗೆಯ ಮೇಲೆ ಹಾಸಬೇಡಿ, ಲೇಪ ಒಡೆದು ಪುಡಿ ಉದುರುತ್ತದೆ. ಎರಡು ಕುರ್ಚಿಗಳ ಮೇಲೆ ಹಾಕಿ, ಕೆಳಗಿನಿಂದ ಫ್ಯಾನ್ ಗಾಳಿ ಬಿಡಿ.

ಮಳೆಗಾಲದಲ್ಲಿ, ಅದರಲ್ಲೂ ಬೀದರಿನ ಜುಲೈ, ಆಗಸ್ಟ್ ತಿಂಗಳಲ್ಲಿ, ಗಲೀಚ ಮೂರು ದಿನವಾದರೂ ಒಣಗದೆ ಮುಗ್ಗಲು ವಾಸನೆ ಬರುತ್ತದೆ. ಅದನ್ನು ಉಚ್ಚೆ ವಾಸನೆ ಎಂದು ತಿಳಿದು ಮತ್ತೆ ನೆನೆಸಿದರೆ ಬೂಷ್ಟು ಹಿಡಿಯುತ್ತದೆ. ಅವಸರ ಇಲ್ಲದಿದ್ದರೆ ದೊಡ್ಡ ಗಲೀಚದ ಕೆಲಸವನ್ನು ಮಳೆ ನಿಂತ ಮೇಲೆ ಇಟ್ಟುಕೊಳ್ಳಿ.

ಉಣ್ಣೆಯದಲ್ಲದಿದ್ದರೆ, ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ, ರಾತ್ರಿ ಬಿಟ್ಟು, ಬೆಳಿಗ್ಗೆ ಗುಡಿಸಿ ಅಥವಾ ವ್ಯಾಕ್ಯೂಮ್ ಮಾಡಿ. ಸೋಡಾ ಮತ್ತು ವಿನೆಗರ್ ಒಟ್ಟಿಗೆ ಸುರಿಯಬೇಡಿ. ನೊರೆ ಬರುತ್ತದೆ ನಿಜ, ಆದರೆ ಒಂದನ್ನೊಂದು ಕೊಂದುಕೊಂಡು ಉಳಿಯುವುದು ಉಪ್ಪು ನೀರು.

ಹಂತ 8: ಇಷ್ಟಾದರೂ ಉಳಿದರೆ ಪೆರಾಕ್ಸೈಡ್

ತಿಳಿ ಬಣ್ಣದ ನೈಲಾನ್, ಪಾಲಿಪ್ರೊಪಿಲೀನ್ ಗಲೀಚಕ್ಕೆ ಮಾತ್ರ. ಮೆಡಿಕಲ್ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಬಾಟಲಿಯ ಮೇಲೆ 6% ಎಂದಿದ್ದರೆ ಸಮ ನೀರು ಬೆರೆಸಿ 3% ಮಾಡಿಕೊಳ್ಳಿ. ಕಾಲು ಲೀಟರಿಗೆ ಒಂದು ಚಮಚ ಪಾತ್ರೆ ತೊಳೆಯುವ ದ್ರವ, ಒಂದು ಚಮಚ ಅಡುಗೆ ಸೋಡಾ. ಕಾಣದ ಮೂಲೆಯಲ್ಲಿ ಹಚ್ಚಿ ಒಣಗಿಸಿ ನೋಡಿ, ಬಣ್ಣ ಹೋಗದಿದ್ದರೆ ಮಾತ್ರ ಮುಂದುವರಿಯಿರಿ. ಹಾಕಿ 15 ನಿಮಿಷಕ್ಕೆ ಹೀರಿ, ನೀರಿನಿಂದ ತೊಳೆಯಿರಿ. ಕೈಗವಸು ಇರಲಿ.

ಉಳಿದದ್ದನ್ನು ಬಾಟಲಿಗೆ ತುಂಬಿ ಮುಚ್ಚಳ ಹಾಕಬೇಡಿ. ಒಳಗೆ ಗ್ಯಾಸ್ ತುಂಬಿ ಸಿಡಿಯಬಹುದು, ಚೆಲ್ಲಿಬಿಡಿ. ವಿನೆಗರ್ ಜೊತೆ ಬೆರೆಸಬೇಡಿ. ಎಂಜೈಮ್ ಹಾಕಿದ ದಿನವೇ ಇದನ್ನು ಹಾಕಿದರೆ ಎಂಜೈಮ್ ಕೆಡುತ್ತದೆ.

ಮನೆಯಲ್ಲಿ ಬೆಕ್ಕಿದ್ದರೆ ಇವನ್ನು ಮುಟ್ಟಬೇಡಿ

ಬ್ಲೀಚಿಂಗ್ ಪೌಡರ್, ಬ್ಲೀಚ್: ಉಚ್ಚೆಯ ಅಮೋನಿಯಾ ಜೊತೆ ಸೇರಿ ಕ್ಲೋರಮೈನ್ ಎಂಬ ವಿಷಗಾಳಿ ಏಳುತ್ತದೆ. ಕಣ್ಣು ಉರಿ, ಕೆಮ್ಮು, ಎದೆ ಬಿಗಿತ ಶುರುವಾದರೆ ಎಲ್ಲಾ ಬಿಟ್ಟು ಹೊರಗೆ ಬನ್ನಿ. ಕಿಟಕಿ ತೆರೆಯಿರಿ. ಉಸಿರಾಟ ಸರಿಹೋಗದಿದ್ದರೆ ಆಸ್ಪತ್ರೆಗೆ ಹೋಗಿ.

ಕಪ್ಪು ಫಿನಾಯಿಲ್, ಕ್ಲೋರೊಕ್ಸಿಲೆನಾಲ್ ಇರುವ ಆಂಟಿಸೆಪ್ಟಿಕ್ ದ್ರವ: ಫೀನಾಲ್ ಜಾತಿಯ ಈ ವಸ್ತುಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಒರೆಸಿದ ನೆಲದ ಮೇಲೆ ನಡೆದು ಆಮೇಲೆ ಪಾದ ನೆಕ್ಕಿದರೆ ಸಾಕು, ವಿಷ ಹೊಟ್ಟೆಗೆ ಹೋಗುತ್ತದೆ. ನುಸಿಗುಳಿಗೆ, ನೀಲಗಿರಿ ಎಣ್ಣೆ, ಟೀ ಟ್ರೀ ಎಣ್ಣೆ ಕೂಡ ಬೆಕ್ಕಿಗೆ ವಿಷ. ಜೊಲ್ಲು ಸುರಿಸುವುದು, ತೂರಾಡುವುದು, ನಡುಕ ಕಂಡರೆ ಹಾಕಿದ ಬಾಟಲಿಯನ್ನೂ ಹಿಡಿದುಕೊಂಡು ವೈದ್ಯರ ಬಳಿ ಓಡಿ.

ಲೋಬಾನ, ಧೂಪ, ರೂಮ್ ಸ್ಪ್ರೇ ನಮ್ಮ ಮೂಗಿಗೆ ವಾಸನೆ ಮುಚ್ಚುತ್ತವೆ. ಬೆಕ್ಕಿನ ಮೂಗಿಗೆ ಹಳೆಯ ಗುರುತು ಹಾಗೇ ಸಿಗುತ್ತದೆ. ಅಲ್ಲೇ ಮತ್ತೆ ಹೋಗುತ್ತದೆ.

ಮತ್ತೆ ಅಲ್ಲೇ ಹೋಗದಂತೆ

ಬೇಸಿಗೆ ಮಧ್ಯಾಹ್ನ ನಮ್ಮ ಅಂಗಳದ ಕಲ್ಲಿನ ಮೇಲೆ ನಾವೇ ಬರಿಗಾಲಲ್ಲಿ ನಿಲ್ಲಲಾರೆವು. ಹೊರಗೆ ಹೋಗುತ್ತಿದ್ದ ಬೆಕ್ಕು ಆ ಹೊತ್ತಿಗೆ ಒಳಗಿನ ಮೆತ್ತನೆಯ ಗಲೀಚ ಹುಡುಕುವುದು ಸಹಜ. ನೆರಳಿನಲ್ಲಿ, ಒಳಗೇ, ಒಂದು ಅಗಲದ ಟ್ರೇ ಇಡಿ. ಜರಡಿ ಹಿಡಿದ ಸಣ್ಣ ಉಸುಕು ಮೂರು ಅಂಗುಲ ತುಂಬಿ. ದಿನಕ್ಕೊಮ್ಮೆ ಗಂಟು ಕಟ್ಟಿದ್ದನ್ನು ತೆಗೆಯಿರಿ, ವಾರಕ್ಕೊಮ್ಮೆ ಪೂರ್ತಿ ಬದಲಿಸಿ. ಬೆಕ್ಕು ಎಷ್ಟಿವೆಯೋ ಅದಕ್ಕಿಂತ ಒಂದು ಟ್ರೇ ಜಾಸ್ತಿ ಇರಲಿ. ಊಟದ ತಟ್ಟೆಯ ಪಕ್ಕ ಇಡಬೇಡಿ, ಅಲ್ಲಿ ಅದು ಹೋಗುವುದಿಲ್ಲ. ಮೂತಿಯನ್ನು ಉಚ್ಚೆಗೆ ಒತ್ತಿ ಹೊಡೆಯುವುದರಿಂದ ಬೆಕ್ಕು ಕಲಿಯುವುದು ನಿಮಗೆ ಹೆದರುವುದನ್ನು ಮಾತ್ರ. ಹೆದರಿದ ಬೆಕ್ಕು ಇನ್ನೂ ಜಾಸ್ತಿ ಮೂಲೆ ಹುಡುಕುತ್ತದೆ. ಗಂಡು ಬೆಕ್ಕಿಗೆ ಐದಾರು ತಿಂಗಳಾದಾಗ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಚಿಮ್ಮಿಸುವ ಅಭ್ಯಾಸವೂ ವಾಸನೆಯ ಕಟುವೂ ಬಹಳ ಮಟ್ಟಿಗೆ ತಗ್ಗುತ್ತವೆ.

ಹೋಯಿತೋ ಇಲ್ಲವೋ ನೋಡುವುದು

ಗಲೀಚ ಹಾಸಿ ಒಂದು ವಾರ ಬಿಡಿ. ಆಮೇಲೆ ಒಂದು ರಾತ್ರಿ ಕಿಟಕಿ ಮುಚ್ಚಿ, ಕೂಲರ್ ಹಚ್ಚಿ ಮಲಗಿ. ಕೂಲರ್ ಇಲ್ಲದವರು ಒದ್ದೆ ಟವೆಲ್ ಒಂದನ್ನು ಆ ಜಾಗದ ಮೇಲೆ ಹಾಸಿಡಿ. ಬೆಳಿಗ್ಗೆ ಎದ್ದವರು, ಚಹಾ ಕುಡಿಯುವ ಮೊದಲು, ಮೊಣಕಾಲೂರಿ ಗಲೀಚ ಮೂಸಿ. ನಂತರ ಅಂಚು ಎತ್ತಿ ಕಲ್ಲಿನ ಸಂದು ಮೂಸಿ. ವಾಸನೆ ಗಲೀಚದಲ್ಲಿದ್ದರೆ ಹಂತ 5ಕ್ಕೆ, ಕಲ್ಲಿನಲ್ಲಿದ್ದರೆ ಹಂತ 6ಕ್ಕೆ ಹೋಗಿ. ಎರಡರಲ್ಲೂ ಇದ್ದರೆ ಕಲ್ಲಿನಿಂದ ಶುರು ಮಾಡಿ.